ಆಟಕ್ಕುಂಟು ಲೆಕ್ಕಕ್ಕಿಲ್ಲ

ಬರ್ನಿಯ ಆಸ್ಪತ್ರೆಯಲ್ಲಿ ಹಾಸುಹೊದಿಕೆ ಒಗೆಯುವವಳು ನಾನು.
ಹತ್ತೊಂಬತ್ತು ವರ್ಷ. ಒಂದು ಕಂತೂ ತಪ್ಪಿಸಿದವಳಲ್ಲ.
ಮಲಮಗಳಿಗೆ ಹದಿನೆಂಟು ತುಂಬಿದ ವಾರ
ನನ್ನ ಖಾತೆಗೆ ಎರಡನೇ ಕಾರ್ಡು ತರಿಸಿದೆ.
ಅದರ ಮೇಲೆ ಅವಳ ಹೆಸರು ಉಬ್ಬಿತ್ತು,
ಕತ್ತಲಲ್ಲೂ ಬೆರಳಿಗೆ ತಾಕುವಷ್ಟು:
ಬ್ರಯನಿ ಹ್ಯಾಲೊರನ್. ಅವಳಪ್ಪನ ಅಡ್ಡಹೆಸರು.
ನಾನದನ್ನು ಇಟ್ಟುಕೊಂಡಿರಲಿಲ್ಲ.

ಅವಳಪ್ಪ ಸತ್ತು ಆಗ ಎಂಟು ತಿಂಗಳು.
ಒಂದೇ ಮನೆ, ಒಂದೇ ಕೆಟಲು, ಮಾತು ಮಾತ್ರ
ಬಾಡಿಗೆದಾರರದ್ದು: ಹಾಲು ಮುಗಿದಿದೆ. ಬೀಗ ಹಾಕಿದೆಯಾ.
ಬಾಯಿಬಿಟ್ಟು ಹೇಳಲಾರದ್ದಕ್ಕೆ
ಕಾರ್ಡು ಕೊಟ್ಟೆ. ತುರ್ತಿಗೆ ಇರಲಿ, ಅಂದೆ.
ಎರಡೂ ಬದಿ ತಿರುಗಿಸಿ ನೋಡಿ
"ನನಗೂ ಕ್ರೆಡಿಟ್ ಬೆಳೆಯುತ್ತಾ?" ಅಂದಳು.
ಬೆಳೆಯುತ್ತೆ, ಅಂದೆ. ಗೊತ್ತಿರಲಿಲ್ಲ.

ಫೆಬ್ರವರಿಯಲ್ಲಿ ರಾತ್ರಿಯ ಹಡಗು ಹತ್ತಿ ಹೋದಳು,
ಅಪ್ಪನ ಹಳೇ ವ್ಯಾನಿನ ಸಮೇತ.
ಜಗಳವೇನಲ್ಲ. ಟೋಸ್ಟರಿನ ಕೆಳಗೊಂದು ಚೀಟಿ:
ಆಚೆ ದಡ ನೋಡಿ ಬರ್ತೀನಿ.
ಆಮೇಲೆ ಫೋನಿಲ್ಲ, ಚೀಟಿಯಿಲ್ಲ.
ಬಂದದ್ದು ಸ್ಟೇಟ್‌ಮೆಂಟು.

ಜೀಲಾಂಗ್, ಪೆಟ್ರೋಲು, ನಲವತ್ತು ಡಾಲರು.
ಮಿಲ್ಡ್ಯೂರಾ, ಹಾರ್ಡ್‌ವೇರ್ ಅಂಗಡಿ, ಹನ್ನೊಂದು.
ಕೈಗವಸಿರಬೇಕು; ಅಲ್ಲಿ ದ್ರಾಕ್ಷಿ ಕೊಯ್ಲಿನ ತಿಂಗಳು.
ಬ್ರೋಕನ್ ಹಿಲ್, ಟೈರು, ಒಂದಕ್ಕಾಗುವಷ್ಟು.
ಆಮೇಲೆ ಗ್ಯಾರೇಜು, ಗ್ಯಾರೇಜು, ಮತ್ತೆ ಅದೇ ಗ್ಯಾರೇಜು.
ಎರಡು ಸಲ ಮಿತಿ ಏರಿಸಿದೆ, ಅವಳ ದಾರಿ ಅರ್ಧಕ್ಕೆ ನಿಲ್ಲದಿರಲೆಂದು.
ಪೋರ್ಟ್ ಆಗಸ್ಟಾ, ಔಷಧದಂಗಡಿ, ಅರವತ್ತಮೂರು.
ಅವತ್ತು ನಿದ್ದೆ ಬರಲಿಲ್ಲ. ಯಾವ ಔಷಧ ಅಂತ
ಬ್ಯಾಂಕಿನವರು ಬರೆಯುವುದಿಲ್ಲ.
ಮರುದಿನ: ಬೇಕರಿ, ಹದಿನೆಂಟು.
ಹದಿನೆಂಟಕ್ಕೆ ಮಾಂಸದ ಪೈ ಎರಡು ಬರುತ್ತವೆ.
ಸದ್ಯ, ಹಸಿವಿದೆ.
ಜೊತೆಗೆ ಯಾರಿದ್ದರೋ, ಅದನ್ನೂ ಬರೆಯುವುದಿಲ್ಲ.

ಮಾಡಿನ ತಗಡು ಬದಲಿಸಲು ಸಾಲ ಕೇಳಹೋದೆ.
ಬ್ಯಾಂಕಿನ ಹುಡುಗ ಪರದೆ ನನ್ನತ್ತ ತಿರುಗಿಸಿದ:
ಇಪ್ಪತ್ತನಾಲ್ಕು ತಿಂಗಳಿಗೆ ಇಪ್ಪತ್ತನಾಲ್ಕು ಚೌಕ,
ಜುಲೈ, ಆಗಸ್ಟು ಎರಡರಲ್ಲಿ ತಡವೆಂಬ ಗುರುತು.
ಎಷ್ಟು ಕುದಿಸಿದರೂ ಹೋಗದ ಕಲೆ ಹೇಗಿರುತ್ತದೆಂದು
ನನಗೆ ಯಾರೂ ಹೇಳಿಕೊಡಬೇಕಿಲ್ಲ.
"ಇದರಲ್ಲಿ ಅವಳ ಹೆಸರೆಲ್ಲಿ?"
"ಇರೋದಿಲ್ಲ ನೊಲೀನ್. ಯಾರು ಉಜ್ಜಿದರೂ ಸಾಲ ನಿಮ್ಮದೇ."
"ಮತ್ತೆ ಅವಳ ರಿಪೋರ್ಟಿನಲ್ಲಿ?"
"ಪೂರಕ ಕಾರ್ಡಲ್ಲವಾ. ಅಲ್ಲಿಗೆ ಏನೂ ಹೋಗೋದಿಲ್ಲ,
ಒಳ್ಳೆಯದೂ, ಕೆಟ್ಟದ್ದೂ."

ಗೋದಿಯ ಹಿಂದೆ ಮುಟ್ಟಾಟ ಆಡುವಾಗ
ಚಿಕ್ಕವರನ್ನು ಹೀಗೇ ಸೇರಿಸಿಕೊಳ್ಳುತ್ತಿದ್ದೆವು:
ಓಡಬಹುದು, ಕೂಗಬಹುದು, ಔಟಾಗುವುದಿಲ್ಲ,
ಗೆದ್ದರೆ ಗೆದ್ದದ್ದೂ ಅಲ್ಲ.
ಇಷ್ಟು ದೇಶ ಸುತ್ತಿದ ಹುಡುಗಿ
ಕಾಗದದ ಮೇಲೆ ಮನೆಯಿಂದಾಚೆ ಕಾಲಿಟ್ಟೇ ಇಲ್ಲ.

ಅವಳ ಶಾಲೆಯ ಫಾರಮ್ಮು ನೆನಪಾಯಿತು.
ತಂದೆ, ತಾಯಿ, ಎರಡೇ ಗೆರೆ.
ಹತ್ತು ವರ್ಷ ಸ್ಯಾಂಡ್‌ವಿಚ್ ಕಟ್ಟಿದ ಕೈಗೆ
ಸಹಿ ಹಾಕಲು ಜಾಗವಿರಲಿಲ್ಲ.
ಆಗ ನಾನೂ ಏನೂ ಅಂದಿರಲಿಲ್ಲ.

"ಒಂದು ಫೋನು ಮಾಡಿ, ಆ ಕಾರ್ಡು ನಿಲ್ಲಿಸಿ," ಅಂದ ಹುಡುಗ.
ಕಾರಿನಲ್ಲಿ ಕೂತು ಮಾಡಿದೆ.
ಸರದಿಯಲ್ಲಿ ನೀವು ನಾಲ್ಕನೆಯವರು, ಎಂದಿತು ದನಿ.
ಕಾಯುತ್ತ ಖಾತೆ ತೆರೆದೆ. ಹೊಸ ಸಾಲು:
ಸೆಡೂನಾ, ಕಾಸು ಹಾಕಿ ಒಗೆಯುವ ಅಂಗಡಿ, ಎಂಟು ಡಾಲರು.

ಎಂಟೇ ಅಂದರೆ ಒಂದೇ ಸುತ್ತು.
ಬಿಳಿಯದನ್ನೂ ಬಣ್ಣದ್ದನ್ನೂ ಒಟ್ಟಿಗೇ ತುರುಕಿದ್ದಾಳೆ,
ನೂರು ಸಲ ಹೇಳಿದ್ದೇನೆ.

ನೀವು ಎರಡನೆಯವರು, ಎಂದಿತು ದನಿ.