ಅರ್ಧ ಚುಕ್ಕೆ

ಮೊದಲ ದಿನ ಇನಾಸ್ ಮಾಸ್ತರು ಸೂಜಿ ಕೊಡಲಿಲ್ಲ,
ಬ್ಲೇಡು ಕೊಟ್ಟರು.
ಮಂಡಗದ್ದೆ ತಿರುವಿನಲ್ಲಿ ಲಾರಿಗೆ ಸಿಕ್ಕ ಜಿಂಕೆ;
ಪೋಸ್ಟ್‌ಮಾರ್ಟಮ್ಮಿನ ಡಾಕ್ಟರು ಹೊಟ್ಟೆಗೆ
ಗೋಣಿ ಹೊಲಿಗೆ ಹಾಕಿ ಕೈ ತೊಳೆದುಕೊಂಡಿದ್ದರು.
ಉಪ್ಪು, ಪಟಕದಲ್ಲಿ ನೆನೆದರೂ ದಾರ ಹಾಗೇ ಇತ್ತು.
"ಬಿಚ್ಚು ಗುಲಾಬಿ. ಬಿಚ್ಚೋಕೆ ಬಂದ್ರೆ ಹೊಲಿಯೋಕೆ ಬಂದ ಹಾಗೆ."

ದುರ್ಗಿಗುಡಿಯಲ್ಲಿ ಇಪ್ಪತ್ತೆರಡು ವರ್ಷ
ಮೈ ಬಂದವರ ಬ್ಲೌಸು ಬಿಚ್ಚಿ ಸಡಿಲಿಸಿದವಳು ನಾನು,
ಅಷ್ಟು ಗೊತ್ತಿತ್ತು.

ಮಾಸ್ತರ ಕೈಯಲ್ಲಿ ಈಗ ಕಾಫಿ ಲೋಟ ಗಿಣಿಗಿಣಿ ಎನ್ನುತ್ತದೆ.
ಇಲಾಖೆಗೆ ಮ್ಯೂಸಿಯಮ್ಮಿಗೊಂದು ಜಿಂಕೆ ಬೇಕು,
ಜಿಂಕೆಗೆ ನಡುಗದ ಕೈ ಬೇಕು.
ಹಾಗಾಗಿ ನಾನು, ಹಳೇ ಡಿಪೋದ ತಗಡಿನ ಶೆಡ್ಡಿನಲ್ಲಿ,
ದಿನಕ್ಕೆ ಆರುನೂರು.

ಹೊಸಬರಿಗೆ ಹೇಳುತ್ತೇನೆ, ನನಗೆ ಅವರು ಹೇಳಿದ್ದು.
ಚರ್ಮ ತೇವವಿರಬೇಕು, ಆಗತಾನೆ ಒರಸಿದ ನೆಲದಷ್ಟು.
ಒಣಗಿದರೆ ಹರಿಯುತ್ತದೆ, ನೀರು ಹೆಚ್ಚಾದರೆ ಹಿಗ್ಗುತ್ತದೆ,
ಹಿಗ್ಗಿದ್ದು ಆಮೇಲೆ ಸಿಟ್ಟಿನಿಂದ ಕುಗ್ಗುತ್ತದೆ.
ಸೂಜಿ ಮೂರು ಅಂಚಿನದು.
ದಾರಕ್ಕೆ ಮೇಣ, ಎರಡು ಸಲ.
ಒಳಗಿನಿಂದ ಚುಚ್ಚಿ ಹೊರಗೆ ಬಾ,
ಆಚೆ ಅಂಚಿಗೂ ಒಳಗಿನಿಂದಲೇ.
ಹೊರಗಿನಿಂದ ಚುಚ್ಚಿದೆಯೋ, ಕೂದಲು ದಾರದ ಬೆನ್ನು ಹತ್ತಿ ಒಳಹೋಗುತ್ತದೆ,
ಬೋಳು ಗೆರೆಯೊಂದು ಊರಿಗೆಲ್ಲ ಕಾಣುತ್ತದೆ.

ಅಂಚಿನಿಂದ ದೂರ ಎಷ್ಟು? ಭತ್ತದ ಕಾಳಿನ ಅಗಲ.
ಹೊಲಿಗೆಯಿಂದ ಹೊಲಿಗೆಗೆ? ಕಾಳಿನ ಉದ್ದ.
ಹತ್ತು ಹೊಲಿಗೆಗೊಮ್ಮೆ ನಿಲ್ಲು,
ಹಲ್ಲುಜ್ಜುವ ಬ್ರಶ್ಶಿನಿಂದ ಸಿಕ್ಕಿದ ಕೂದಲು ಬಿಡಿಸು,
ಶಾಲೆಗೆ ಹೊತ್ತಾದ ಮಗಳಿಗೆ ಬೈತಲೆ ತೆಗೆಯುವ ಹಾಗಲ್ಲ,
ಭಾನುವಾರ ತೆಗೆಯುವ ಹಾಗೆ.

ಒಂದು ತುದಿ ಹಿಡಿದು ಇನ್ನೊಂದು ತುದಿಗೆ ಓಡಬೇಡ.
ನಾನು ಓಡಿದೆ.
ಬಾಲದ ಹತ್ತಿರ ನಾಲ್ಕು ಬೆರಳು ಚರ್ಮ ಮಿಕ್ಕಿತು,
ಅಳತೆ ತಪ್ಪಿದ ತೋಳಿನಂತೆ.
ಮಾಸ್ತರು ಬೈಯಲಿಲ್ಲ. ಬ್ಲೇಡು ಮತ್ತೆ ನನ್ನ ಮುಂದಿಟ್ಟು
ಬೀಡಿ ಸೇದಲು ಹೊರಗೆ ಹೋದರು.
ಮೊದಲು ಅಲ್ಲಲ್ಲಿ ಟಾಕಾ: ಕತ್ತು, ನಡು, ತೊಡೆ.
ಆಮೇಲೆ ನಡುವಿನದು.

ಪಕ್ಕೆಯ ಗಾಯ ಕೊನೆಗೆ ಬಿಟ್ಟಿದ್ದೆವು.
ಲಾರಿಯ ಕೊಕ್ಕೆ ವೀಳ್ಯದೆಲೆಯಷ್ಟು ಚರ್ಮ
ಕಿತ್ತುಕೊಂಡು ಹೋಗಿತ್ತು.
ವಾಚರ್ ಹೂವಣ್ಣ ಟಾರ್ಚು ಹಿಡಿದ.
"ರಸ್ತೇಲಿ ಹುಡುಕ್ದೆ ಅಕ್ಕಾ," ಎಂದ, "ಸಿಗ್ಲಿಲ್ಲ."
ಅವನನ್ನು ಯಾರೂ ಕೇಳಿರಲಿಲ್ಲ.

ಚೆಕ್ಸ್ ಅಂಗಿಯ ಜೇಬಿಗೆ ಗೆರೆಗೆ ಗೆರೆ ಕೂಡಿಸಬಲ್ಲೆ.
ಇಲ್ಲಿ ಗೆರೆಯಿಲ್ಲ.
ಈ ಅಂಚಿನಲ್ಲಿ ಅರ್ಧ ಚುಕ್ಕೆ, ಆ ಅಂಚಿನಲ್ಲಿ ಅರ್ಧ,
ಬೇರೆ ಬೇರೆ ಚುಕ್ಕೆಗಳ ಅರ್ಧ,
ಜಿಂಕೆ ಓಡಿದಷ್ಟು ದಿನ
ಒಂದರ ಮುಖ ಒಂದು ನೋಡದವು.
ಎಳೆದೆ, ಹೊಲಿಗೆಯ ಗುಂಟ, ಮೇಲಕ್ಕಲ್ಲ.
ಬಾಗಿಲಿನಿಂದ ಮಾಸ್ತರು:
"ಜಾಸ್ತಿ ಬೇಡ. ಒಣಗುವಾಗ ಅದೂ ಎಳೆಯುತ್ತೆ."
ಸ್ವಲ್ಪ ಬಿಟ್ಟೆ.
ಕೂಡಿದವು.

ಈಗ ಮಕ್ಕಳು ಬರುತ್ತಾರೆ. ಗಾಜಿಗೆ ಮೂಗು ಒತ್ತಿ
ಕಣ್ಣು ನೋಡುತ್ತಾರೆ. ಕಣ್ಣು ಪಾರ್ಸೆಲ್ಲಿನಲ್ಲಿ ಬಂದದ್ದು,
ಹತ್ತಿ ಸುತ್ತಿ, ಜೋಡಿ ಲೆಕ್ಕದಲ್ಲಿ.
ಮೊನ್ನೆ ಒಬ್ಬ ಹುಡುಗ ಮಾತ್ರ ಚುಕ್ಕೆ ಎಣಿಸುತ್ತಿದ್ದ,
ತೊಂಬತ್ತರ ಹತ್ತಿರ ತಪ್ಪಿ ಮತ್ತೆ ಮೊದಲಿನಿಂದ.
ನಾನು ಕಸ ಗುಡಿಸುವವಳ ಹಾಗೆ
ಹಿಂದೆ ನಿಂತು ಕೇಳಿಸಿಕೊಂಡೆ.
ಪಕ್ಕೆಯ ಆ ಚುಕ್ಕೆಗೆ ಬೆರಳಿಟ್ಟು
ಅರವತ್ತೊಂದು ಎಂದ,
ಮುಂದಕ್ಕೆ ಹೋದ.