ಬರೆದ ಸೊನ್ನೆ

ಸ್ಟೇತ್ಸ್ ಹಳ್ಳಿಯ ದೋಣಿಗಳಿಗೆ ಇನ್ನೂ ನಿದ್ದೆ.
ಬೌಲ್ಬಿ ಗಣಿಯ ಬೋನಿನಲ್ಲಿ ಭುಜಕ್ಕೆ ಭುಜ ತಾಗಿಸಿ
ಸಾವಿರದ ನೂರು ಮೀಟರು ಇಳಿಯುತ್ತೇವೆ.
ಕಿವಿ ಕಟ್ಟುತ್ತದೆ. ಯಾರೋ ಪೆಪ್ಪರ್‌ಮಿಂಟು ಹಂಚುತ್ತಾರೆ.
ಕೆಳಗೆ ಉಪ್ಪು. ಗೋಡೆ ಉಪ್ಪು, ಸೂರು ಉಪ್ಪು,
ತುಟಿ ನೆಕ್ಕಿದರೆ
ಇಪ್ಪತ್ತೈದು ಕೋಟಿ ವರ್ಷದ ಕೆಳಗೆ ಬತ್ತಿದ ಕಡಲು.
ಅದರ ನೆತ್ತಿಯ ಮೇಲೆ ಈಗಿನ ಕಡಲು
ಏನೂ ಗೊತ್ತಿಲ್ಲದ ಹಾಗೆ ಅಲೆಯಾಡಿಕೊಂಡಿದೆ.

ದ್ರವ್ಯದ ಆರು ಪಾಲಿನಲ್ಲಿ ಐದು ಪಾಲು
ಯಾವ ಕಣ್ಣಿಗೂ ಬಿದ್ದಿಲ್ಲ.
ಅದರ ಹೆಜ್ಜೆ ಕೇಳಬೇಕಾದರೆ
ಬಾನಿನಿಂದ ಸುರಿಯುವ ಗದ್ದಲಕ್ಕೆ ಮೊದಲು ಕಿವುಡಾಗಬೇಕು.
ಅದಕ್ಕೇ ಈ ಪಾತಾಳ.

ನನ್ನ ಕೆಲಸ ಸೀಸದ್ದು.
ಹೊಸ ಸೀಸ ವಾಚಾಳಿ, ಒಳಗೊಳಗೇ ಸಿಡಿಯುತ್ತದೆ.
ಇಪ್ಪತ್ತೆರಡು ವರ್ಷಕ್ಕೆ ಮಾತು ಅರ್ಧ,
ಇನ್ನಿಪ್ಪತ್ತೆರಡಕ್ಕೆ ಅರ್ಧದರ್ಧ.
ಹಾಗಾಗಿ ಮುದಿ ಸೀಸಕ್ಕೆ ಅಲೆಯುತ್ತೇವೆ:
ಯಾವುದೋ ಊರಿನ ಕೆಡವಿದ ಇಗರ್ಜಿಯ ಸೂರು,
ಮುನ್ನೂರೈವತ್ತು ವರ್ಷ ಮಳೆಯನ್ನೂ ಮೊರೆಯನ್ನೂ ಕೇಳಿ ಕೇಳಿ
ಸುಮ್ಮನಾದದ್ದು.
ಒಂದು ತಗಡಿನ ಮೇಲೆ
ಸೂರು ಹೊದಿಸಿದವನು ತನ್ನ ಬೂಟು ಊರಿ, ಸುತ್ತ ಗೀಚಿ,
ನಡುವೆ ಎರಡಕ್ಷರ, ಒಂದು ಇಸವಿ ಕೊರೆದಿದ್ದ.
ಚಿಕ್ಕ ಪಾದ. ಹುಡುಗನಿರಬೇಕು.
ಆ ತುಂಡನ್ನು ಕರಗಿಸಲಾಗಲಿಲ್ಲ, ನನ್ನ ಮೇಜಿನ ಖಾನೆಯಲ್ಲಿದೆ,
ಲೆಕ್ಕದ ಪುಸ್ತಕದಲ್ಲಿ ಇಲ್ಲ.
ಉಳಿದದ್ದನ್ನು ಇಟ್ಟಿಗೆ ಹೊಯ್ದು, ಆಮ್ಲದಲ್ಲಿ ತೊಳೆದು
ಜರ್ಮೇನಿಯಂ ಹರಳಿನ ಸುತ್ತ ಕಟ್ಟಿದೆ.
(ಬಾಳೆಹಣ್ಣು ಮೇಲೆಯೇ ತಿಂದು ಬರಬೇಕು.
ಅದೂ ಮಾತಾಡುತ್ತದೆ.)

ಕೋಲಾರದ ಚಾಂಪಿಯನ್ ರೀಫಿನಲ್ಲಿ
ತಾತ ಪಿಳ್ಳಪ್ಪ ಬೋನಿನ ಗಂಟೆ ಹೊಡೆಯುತ್ತಿದ್ದ.
ಬೊಂಬಾಯಿಯ ಹುಡುಗರು ಪೆಟ್ಟಿಗೆ ಇಳಿಸಿ
ತಿಂಗಳುಗಟ್ಟಲೆ ಕಾದು ಕೂತದ್ದನ್ನು ಕಂಡು
‘ಏನಪ್ಪಾ ಸಿಕ್ತು?’ ಅಂದನಂತೆ.
‘ಏನೂ ಇಲ್ಲ ತಾತ.’
‘ಅಷ್ಟಕ್ಕೆ ಇಷ್ಟು ಆಳ ಬೇಕಿತ್ತಾ?’
ಮನೆಮಂದಿಯೆಲ್ಲ ನಗುತ್ತಿದ್ದ ಕತೆ.
ಈಗ ನಾನು ಮೂರು ವರ್ಷದಿಂದ
ಅದೇ ಉತ್ತರ.

ಗಣಿತ ಮಾತ್ರ ಗಂಭೀರವಾಗಿ ಹೇಳುತ್ತದೆ:
ಸೊನ್ನೆ ಕಂಡವರು ಸೊನ್ನೆ ಎನ್ನಕೂಡದು.
ನೂರಕ್ಕೆ ತೊಂಬತ್ತರ ಭರವಸೆಯಲ್ಲಿ
ಎರಡು ಬಿಂದು ಮೂರಕ್ಕಿಂತ ಹೆಚ್ಚಿಲ್ಲ ಎನ್ನಬೇಕು.
ಇಲ್ಲ ಎನ್ನುವುದಕ್ಕೂ ಒಂದು ಅಳತೆಪಟ್ಟಿ.
ಬೇಲಿ ವರ್ಷಕ್ಕೊಂದು ಗೇಣು ಒಳಗೆ ಸರಿಯುತ್ತದೆ,
ಒಳಗೆ ಹಸು ಇದೆಯೋ ಇಲ್ಲವೋ.

ಭಾನುವಾರ ಮೇಲೆ, ಬಂಡೆಯಂಚಿನಲ್ಲಿ ಎನಿಡ್ ಥೀಕರ್.
ಮೂವತ್ತೊಂದು ಬೇಸಿಗೆ ಕಿಟ್ಟಿವೇಕ್ ಗೂಡು ಎಣಿಸಿದವಳು.
ದುರ್ಬೀನಿಗೆ ಕಣ್ಣು, ಮಂಡಿಯ ಮೇಲೆ ಪುಸ್ತಕ,
ಮೂಗಿನ ತುದಿಯಲ್ಲಿ ಹನಿ.
ಮೊದಲ ದಿನವೇ ನನಗೆ ಗದರಿದ್ದಳು:
‘ಮನೆ ಖಾಲಿ ಬಿಡಬೇಡ.
ಖಾಲಿ ಅಂದರೆ ನೋಡಲಿಲ್ಲ.
ಸೊನ್ನೆ ಅಂದರೆ
ಬಂದೆ, ನಿಂತೆ, ನೋಡಿದೆ, ಇರಲಿಲ್ಲ.’

ಹಕ್ಕಿಜ್ವರದ ವರ್ಷ ಅದು.
ಹದಿನಾಲ್ಕನೆಯ ಚಾಚಿಗೆ ಬಂದಳು.
ಹಿಂದಿನ ಸಾಲಿನಲ್ಲಿ ಮೂವತ್ತಾರು ಇತ್ತು.
ದುರ್ಬೀನು ಒರೆಸಿ ಇನ್ನೊಮ್ಮೆ ನೋಡಿದಳು,
ಕೈಗವಸು ಕಳಚಿ ಇನ್ನೊಮ್ಮೆ.
ಬಂಡೆಯ ಮೇಲೆ ಹಳೆಯ ಹಿಕ್ಕೆಯ ಸುಣ್ಣ,
ಒಂದು ಹಿಡಿ ಒಣಪಾಚಿ.
ಅವಳ ಸೊನ್ನೆಯ ತುದಿಗಳು ಕೂಡಿಕೊಳ್ಳಲಿಲ್ಲ.
ಎರಡು ಬಿಂದು ಮೂರು
ನನ್ನ ನಾಲಿಗೆಯವರೆಗೆ ಬಂದಿತ್ತು.
ನುಂಗಿದೆ.

ಬಹಳ ಹೊತ್ತಿನ ಮೇಲೆ, ನನ್ನತ್ತ ತಿರುಗದೆ,
‘ಕೆಳಗೆ ನಿನ್ನದೆಷ್ಟು?’
‘ಸೊನ್ನೆ.’
‘ಬರೆದೆಯಾ?’
‘ಬರೆದೆ.’
ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟಳು.
ಗಾಳಿ ಅದರ ಹಬೆಯನ್ನು ಕಿತ್ತುಕೊಂಡು ಹೋಯಿತು.
ಕೆಳಗಿನ ಹದಿನೈದರಲ್ಲಿ
ತನ್ನ ಹೆಸರನ್ನೇ ಕೂಗಿಕೊಳ್ಳುವ ಹಕ್ಕಿಯೊಂದು
ಕೂಗತೊಡಗಿತು. ಎನಿಡ್ ಪುಟ ತಿರುವಿ
ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ಒತ್ತಿದಳು.