ಎಡಗಡೆಯ ಅಗಸಿ

ನಾಲ್ಕು ತಿಂದೆವು, ಒಂದು ಕೊಟ್ಟೆವು.
ಬೆಳಗಾವಿ ಕ್ಯಾಂಪಿನ ಚಹಾದಂಗಡಿ,
ಮಂಡಿಯ ಮೇಲೆ ಒಣಗಿದ ಕೆಮ್ಮಣ್ಣು.
ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ.

ಇನಾಸ್ ಮಾಸ್ತರ್ ಖಾಲಿ ಗ್ಲಾಸು ಜೋಡಿಸಿದರು ಟೇಬಲ್ಲಿನ ಮೇಲೆ:
‘ಇಂವ ಮುಶ್ತಾಕ, ಇಂವ ಪರಶ್ಯಾ, ಈ ಬಸಿ ಗೋಲ್‌ಕೀಪರ್.
ಮತ್ತ ಇಲ್ಲೆ? ಇಲ್ಲೆ ಯಾರಿದ್ರಿ?’
ಎಡಕ್ಕೆ ಬೋಳು ಸನ್‌ಮೈಕಾ, ಒಂದು ನೊಣ.

ನಾನಿದ್ದೆ ಅಲ್ಲಿ. ಇರಬೇಕಿತ್ತು.
ನಾನು ಅವರ ಗೋಲಿನೆದುರು ಕೈಯೆತ್ತಿ
ಬಾಲು ಕೇಳುತ್ತಿದ್ದೆ.
ನಮ್ಮ ಆ ಒಂದು ಗೋಲು ನನ್ನದೇ ಅಲ್ಲವೆ, ಅದರ ಸೊಕ್ಕು.
ಹಿಂದೆ ಅಗಸಿ ಬಾಗಿಲು ಹಾರು ಹೊಡೆದಿತ್ತು,
ಅವರ ಏಳನೇ ನಂಬರಿನ ಪೋರ
ಬೀಗರ ಮನೆಗೆ ಬಂದ ಹಾಗೆ ಬಂದ,
ಮೂರು ಸಲ.

ಮುಶ್ತಾಕ ಒಬ್ಬನೇ ಎರಡೂ ಕಡೆ ಓಡಿದ.
ಈಗ ಮೀನಖಂಡಕ್ಕೆ ಬರ್ಫ ಒತ್ತಿ ಕೂತಿದ್ದಾನೆ. ಬೈಯುತ್ತಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ರವಿವಾರ ಪೇಟೆಯಲ್ಲಿ ಬೆಲ್ಲ ತೂಗುವವ ನಾನು, ಆರು ವರ್ಷ ಆಯಿತು.
ತಕ್ಕಡಿಯ ಒಂದು ಪರಡಿ ಏರಿದರೆ
ಕಣ್ಣು ತಾನಾಗಿ ಇನ್ನೊಂದಕ್ಕೆ ಹೋಗುತ್ತದೆ,
ನಿದ್ದೆಗಣ್ಣಿನಲ್ಲೂ ಹೋಗುತ್ತದೆ.
ಮೈದಾನದಲ್ಲಿ ಎಲ್ಲಿಗೆ ಹೋಗಿತ್ತು?

ಮಾಸ್ತರ್ ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟರು:
‘ನೀ ಏರು. ಬ್ಯಾಡ ಅನ್ನೂದಿಲ್ಲ.
ಏರೂ ಮುಂದ ಪರಶ್ಯಾಗ ಒಂದ್ ಕೂಗ್ ಹಾಕು. ಅಷ್ಟ.’

ಅಂಗಡಿಯ ಹುಡುಗ ಬಂದ,
ಗ್ಲಾಸಿಗೊಂದು ಬೆರಳು ತೂರಿಸಿ
ನಮ್ಮ ಇಡೀ ಡಿಫೆನ್ಸನ್ನು ಒಂದೇ ಕೈಯಲ್ಲಿ
ತೊಳೆಯಲು ಒಯ್ದ.

ಬಸಿ ಅಲ್ಲೇ ಉಳಿಯಿತು,
ನಡುವೆ ಒಂದು ಹನಿ ಚಹಾ,
ನಾಲ್ಕೂ ಕಡೆ ಬಯಲು.